ಹುಲ್ಲು ಕೊಯ್ದ ಯಂತ್ರದ ಗಗನಯಾತ್ರೆ

ಪದಾರ್ಥಗಳಿಗೆ ಅವುಗಳ ವೃತ್ತಿಯು ಹುಟ್ಟಿನಿಂದಲೇ ಗೊತ್ತಾಗಿರುವುದೆಂದು ಲೋಕವು ಸಾಮಾನ್ಯವಾಗಿ ನಂಬಿರುತ್ತದೆ. ಒನಕೆಯು ಕುಟ್ಟುವುದಕ್ಕೆ, ಮೊರವು ಕೇರುವುದಕ್ಕೆ, ಕುಡುಗೋಲು ಕೊಯ್ಯುವುದಕ್ಕೆ. ಒಂದರ ಕೆಲಸವನ್ನು ಮತ್ತೊಂದಕ್ಕೆ ಹೇಳಿದರೆ ಮನೆಯ ಹಿರಿಯರು ನಗುವರು. ಆದರೆ ಅದೇ ಮನೆಯ ಮಕ್ಕಳ ಆಟವನ್ನು ನೋಡಿದವರಿಗೆ ಈ ನಂಬಿಕೆಯು ಸಡಿಲವಾಗುವುದು. ಅವರ ಕೈಯಲ್ಲಿ ಒನಕೆಯು ಕುದುರೆಯಾಗುತ್ತದೆ, ಮೊರವು ದೋಣಿಯಾಗುತ್ತದೆ. ದೊಡ್ಡವರಾದ ಮೇಲೂ ಈ ಬಾಲಬುದ್ಧಿಯನ್ನು ಕಳೆದುಕೊಳ್ಳದೆ, ಅದಕ್ಕೆ ಲೆಕ್ಕ, ಅಳತೆ, ತಾಳ್ಮೆಗಳನ್ನು ಕೂಡಿಸಿಕೊಂಡ ಕೆಲವರು ಎಲ್ಲ ದೇಶಗಳಲ್ಲಿಯೂ ಇರುವರು. ಅಂಥವರಲ್ಲಿ ಒಂದು ಗುಂಪಿನವರ ಹವ್ಯಾಸವು ಬಹು ವಿಚಿತ್ರವಾದುದು. ಅದಾವುದೆಂದರೆ, ತೋಟದ ಹುಲ್ಲು ಕತ್ತರಿಸುವ ಕೈಯಂತ್ರದ ಎಂಜಿನನ್ನು ಬಿಚ್ಚಿ, ಮಾದರಿ ವಿಮಾನದ ಮೂತಿಗೆ ಕಟ್ಟಿ, ಆಕಾಶಕ್ಕೆ ಬಿಡುವುದು.

ಹುಲ್ಲಿಗೂ ಆಕಾಶಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಇದ್ದೇ ಇದೆ. ಅದನ್ನು ತಿಳಿಯಬೇಕಾದರೆ ಮೊದಲು ಆ ಕೈಯಂತ್ರದ ಜನ್ಮವೃತ್ತಾಂತವನ್ನು ತಿಳಿಯಬೇಕು.

ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಹ್ಯೂಸ್ಟನ್ ಪಟ್ಟಣದಲ್ಲಿ ಜಾರ್ಜ್ ಬ್ಯಾಲಸ್ ಎಂಬ ಉದ್ಯಮಶೀಲರೊಬ್ಬರಿದ್ದರು. ೧೯೭೧ರಲ್ಲಿ ಅವರು ಮೋಟಾರು ಗಾಡಿಗಳನ್ನು ತೊಳೆಯುವ ಯಂತ್ರಶಾಲೆಯಲ್ಲಿ, ಗಿರಗಿರನೆ ಸುತ್ತುವ ಕುಂಚಗಳು ಗಾಡಿಯ ಬಣ್ಣಕ್ಕೆ ಗೀರು ಬೀಳದಂತೆ ಸಂದುಗೊಂದಿನ ಕೊಳೆಯನ್ನೆಲ್ಲ ತೆಗೆಯುವುದನ್ನು ಕಂಡರು. ಮರದ ತೊಗಟೆಗೆ ಗಾಯ ಮಾಡದೆ ಬುಡದ ಹುಲ್ಲನ್ನು ತೆಗೆಯುವುದಕ್ಕೆ ಇದೇ ಉಪಾಯವು ಏಕಾಗಬಾರದೆಂದು ಅವರಿಗೆ ಹೊಳೆಯಿತು. ಮನೆಗೆ ಬಂದು ಒಂದು ತಗಡಿನ ಡಬ್ಬಿಗೆ ತೂತು ಕೊರೆದು, ಮೀನು ಹಿಡಿಯುವ ಗಾಳದ ನೈಲಾನ್ ದಾರವನ್ನು ಪೋಣಿಸಿ, ಅಂಗಳದ ಅಂಚು ಕತ್ತರಿಸುವ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿದರು. ಹುಲ್ಲು ಕತ್ತರಿಸಿಹೋಯಿತು, ತೊಗಟೆಯು ಉಳಿಯಿತು. ಇದೇ ಮುಂದೆ ‘ವೀಡ್ ಈಟರ್’ ಎಂಬ ಹೆಸರಿನಿಂದ ದೇಶವ್ಯಾಪಿಯಾದ ಯಂತ್ರ. ೧೯೭೭ರಲ್ಲಿ ಬ್ಯಾಲಸರು ತಮ್ಮ ಉದ್ಯಮವನ್ನು ಎಮರ್ಸನ್ ಎಲೆಕ್ಟ್ರಿಕ್ ಎಂಬ ದೊಡ್ಡ ಸಂಸ್ಥೆಗೆ ಮಾರಿದರು, ೨೦೧೧ರಲ್ಲಿ ಕಾಲವಾದರು. ಹೀಗೆ ಗಾಡಿ ತೊಳೆಯುವ ಕುಂಚವೂ ಮೀನಿನ ಗಾಳವೂ ಕೂಡಿ ಹುಲ್ಲಿನ ಕತ್ತಿಯಾದವು. ತಾನೇ ಹೀಗೆ ಅನ್ಯಕಾರ್ಯಗಳ ಅಂಗಗಳಿಂದ ಹುಟ್ಟಿದ ಯಂತ್ರವು ಮತ್ತೊಂದು ಕಾರ್ಯಕ್ಕೆ ಅಂಗವಾದುದು ಆಶ್ಚರ್ಯವಲ್ಲ.

ಈ ಯಂತ್ರವನ್ನು ಮನುಷ್ಯನು ಹೆಗಲಿಗೆ ಹಾಕಿಕೊಂಡು ನಡೆಯಬೇಕು. ಆದುದರಿಂದ ಅದರ ಎಂಜಿನು ಹಗುರವಾಗಿರಬೇಕು. ಹಳ್ಳದಿಣ್ಣೆಗಳಲ್ಲಿ ಅದನ್ನು ಓರೆಯಾಗಿಯೂ ತಲೆಕೆಳಗಾಗಿಯೂ ಹಿಡಿಯಬೇಕಾಗುವುದು. ಆದುದರಿಂದ ಯಾವ ಭಂಗಿಯಲ್ಲಿ ಹಿಡಿದರೂ ಪೆಟ್ರೋಲು ನಿಲ್ಲದೆ ಹರಿಯಬೇಕು. ನೀರಿನ ತೊಟ್ಟಿಯನ್ನು ಹೊರುವುದು ಆಗದು. ಆದುದರಿಂದ ಅದು ಗಾಳಿಯಿಂದಲೇ ತಣಿಯಬೇಕು. ಬ್ಯಾಟರಿಯನ್ನು ಹೊರುವುದೂ ಆಗದು. ಆದುದರಿಂದ ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳಬೇಕು. ಹಗುರವಾದುದು, ಯಾವ ಭಂಗಿಗೂ ಒಗ್ಗುವಂಥದು, ಗಾಳಿಯಿಂದ ತಣಿಯುವಂಥದು, ಸ್ವಯಂಜ್ವಲನಶೀಲವಾದುದು. ಈ ನಾಲ್ಕು ಲಕ್ಷಣಗಳನ್ನು ಓದಿದವನು, ಇದು ತೋಟಕ್ಕಾಗಿ ಹುಟ್ಟಿದ ಯಂತ್ರವೋ ವಿಮಾನಕ್ಕಾಗಿ ಹುಟ್ಟಿದುದೋ ಎಂದು ಸಂಶಯಪಡುವುದು ಸಹಜ. ತೋಟದವನ ಹೆಗಲಿನ ಕಷ್ಟವೇ, ಯಾರೂ ಉದ್ದೇಶಿಸದಿದ್ದರೂ, ಆ ಎಂಜಿನಿಗೆ ಹಾರುವ ಯೋಗ್ಯತೆಯನ್ನು ತಂದುಕೊಟ್ಟಿತು.

ಮಾದರಿ ವಿಮಾನಗಳ ವಂಶವು ಮನುಷ್ಯರನ್ನು ಹೊರುವ ವಿಮಾನಗಳ ವಂಶಕ್ಕಿಂತ ಹಿರಿದು. ೧೮೭೧ರಲ್ಲಿ ಆಲ್ಫಾನ್ಸ್ ಪೆನೋ ಎಂಬ ಫ್ರೆಂಚ್ ತರುಣನು ಪ್ಯಾರಿಸ್ಸಿನ ಟ್ಯೂಲರೀಸ್ ಉದ್ಯಾನದಲ್ಲಿ, ತಿರುಚಿದ ರಬ್ಬರಿನ ಬಲದಿಂದ ಓಡುವ ಪುಟ್ಟ ವಿಮಾನವೊಂದನ್ನು ೧೧ ಸೆಕೆಂಡುಗಳ ಕಾಲ, ಸುಮಾರು ೪೦ ಮೀಟರು ದೂರ ಹಾರಿಸಿ ತೋರಿಸಿದನು. ೧೮೭೮ರಲ್ಲಿ ರೈಟ್ ಸಹೋದರರ ತಂದೆಯು ಮಕ್ಕಳಿಗೆ ತಂದುಕೊಟ್ಟ ಹಾರುವ ಆಟಿಕೆಯೂ ಪೆನೋವಿನ ಮಾದರಿಯದೇ. ೧೯೦೧ರ ಜೂನ್ ತಿಂಗಳಲ್ಲಿ ಸ್ಯಾಮ್ಯುಯಲ್ ಲ್ಯಾಂಗ್ಲಿ ಎಂಬ ಅಮೆರಿಕದ ವಿದ್ವಾಂಸರು ತಮ್ಮ ದೊಡ್ಡ ವಿಮಾನದ ಕಾಲು ಪಾಲಿನ ಮಾದರಿಯನ್ನು ಪೆಟ್ರೋಲು ಎಂಜಿನಿನಿಂದ ಹಾರಿಸಿದರು. ಮನುಷ್ಯನನ್ನು ಹೊತ್ತ ವಿಮಾನವು ನೆಲ ಬಿಟ್ಟುದು ಅದಾದ ಎರಡೂವರೆ ವರ್ಷಗಳಿಗೆ. ಆಟಿಕೆಯನ್ನು ಹಗುರವಾಗಿ ಕಾಣುವವರು ಈ ಕ್ರಮವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮುಂದೆ ಫಿಲಡೆಲ್ಫಿಯದ ವಿಲಿಯಂ ಬ್ರೌನ್ ಎಂಬ ತರುಣನು ಸುಮಾರು ೧೦ ಘನ ಸೆಂಟಿಮೀಟರಿನ ಎಂಜಿನೊಂದನ್ನು ರಚಿಸಿದನು. ‘ಬ್ರೌನ್ ಜೂನಿಯರ್’ ಎಂಬ ಹೆಸರಿನ ಅದು ೧೯೩೪ರಿಂದ ಅಂಗಡಿಗಳಲ್ಲಿ ದೊರೆಯತೊಡಗಿತು. ಅದರ ಕಿಡಿಗೆ ಬೇಕಾದ ಬ್ಯಾಟರಿ ಮತ್ತು ಸುರುಳಿಗಳ ಭಾರವೇ ಒಂದು ಕಾಟವಾಗಿದ್ದಿತು. ೧೯೪೭ರಲ್ಲಿ ರೇ ಆರ್ಡನ್ ಎಂಬವರು ಪ್ಲಾಟಿನಂ ತಂತಿಯ ಕೆಂಡದ ಪ್ಲಗ್ಗನ್ನು ಪ್ರಚಾರಕ್ಕೆ ತಂದರು. ಮೆಥನಾಲ್ ಮದ್ಯಸಾರದ ಆವಿಯು ಆ ತಂತಿಯನ್ನು ಸೋಂಕಿದಾಗ ತಂತಿಯು ತಾನೇ ಕೆಂಪಾಗಿ ಉಳಿಯುವುದರಿಂದ, ಒಮ್ಮೆ ಹೊತ್ತಿಸಿದ ಮೇಲೆ ಬ್ಯಾಟರಿಯ ಅವಶ್ಯಕತೆಯೇ ಇಲ್ಲವಾಯಿತು. ಪುಟ್ಟ ವಿಮಾನಗಳಿಗೆ ಇದು ವರಪ್ರಾಯವಾಯಿತು. ಆದರೆ ೧೯೭೦ರ ದಶಕದ ಕೊನೆಯ ಹೊತ್ತಿಗೆ ಹವ್ಯಾಸಿಗಳ ಮನಸ್ಸು ದೊಡ್ಡ ಮಾದರಿಗಳ ಕಡೆಗೆ ಹರಿಯಿತು. ಒಂಟಿ ರೆಕ್ಕೆಯದಾದರೆ ೮೦ ಅಂಗುಲ, ಜೋಡಿ ರೆಕ್ಕೆಯದಾದರೆ ೬೦ ಅಂಗುಲಕ್ಕೆ ಕಡಮೆಯಿಲ್ಲದ ವಿಸ್ತಾರವುಳ್ಳವು. ಇಂಥ ಗಜಗಾತ್ರದ ಮಾದರಿಗಳಿಗೆ ಮದ್ಯಸಾರವನ್ನು ಉಣಿಸುವುದೆಂದರೆ ಆನೆಗೆ ತುಪ್ಪದನ್ನ ಹಾಕಿದಂತೆ. ಮದ್ಯಸಾರಕ್ಕೆ ಬೆಲೆಯೂ ಹೆಚ್ಚು. ಒಂದೇ ಪ್ರಮಾಣದ ಗಾಳಿಗೆ ಅದು ಪೆಟ್ರೋಲಿಗಿಂತ ಎರಡರಷ್ಟಕ್ಕೂ ಮೀರಿ ವ್ಯಯವಾಗುವುದು. ಆಗ ಕೆಲವರ ಕಣ್ಣು ಮರ ಕೊಯ್ಯುವ ಗರಗಸಗಳ ಎಂಜಿನುಗಳ ಮೇಲೂ, ಹಿತ್ತಿಲ ಕೊಟ್ಟಡಿಯಲ್ಲಿ ಗೋಡೆಗೊರಗಿದ್ದ ಹುಲ್ಲುಯಂತ್ರದ ಮೇಲೂ ಬಿದ್ದಿತು. ೩೫ ಘನ ಸೆಂಟಿಮೀಟರಿನ ‘ಕ್ವಾಡ್ರಾ’, ೨೫ರ ‘ಹೋಮ್‌ಲೈಟ್’, ೩೧ರ ‘ರಯೋಬಿ’ ಎಂಬ ಹೆಸರುಗಳು ಹವ್ಯಾಸಿಗಳ ಕೂಟಗಳಲ್ಲಿ ಮನೆಮಾತಾದವು.

ಹುಲ್ಲುಯಂತ್ರವು ಕೆಟ್ಟುಹೋಯಿತೆಂದು ಜನರು ಹೇಳುವಾಗ ಸಾಮಾನ್ಯವಾಗಿ ಕೆಟ್ಟಿರುವುದು ಎಂಜಿನಲ್ಲ. ದಾರದ ತಲೆಯು ಒಡೆದಿರುವುದು. ಉದ್ದನೆಯ ದಂಡದೊಳಗಿನ ತಂತಿಯು ಕಡಿದಿರುವುದು. ಇಲ್ಲವೆ ಚಳಿಗಾಲವೆಲ್ಲ ಒಳಗೆ ನಿಂತ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ತೆಳುಪೊರೆಯು ಬಿರುಸಾಗಿರುವುದು. ರಿಪೇರಿಯ ಕೂಲಿಗಿಂತ ಹೊಸ ಯಂತ್ರದ ಬೆಲೆಯೇ ಕಡಮೆಯಾದ ದೇಶದಲ್ಲಿ ಅದು ಬೀದಿಯ ಅಂಚಿಗೆ ಬೀಳುವುದು. ಹೃದಯವು ಗಟ್ಟಿಯಾಗಿದ್ದು ಕೈಕಾಲು ಸೋತ ಮುದುಕನಂತೆ ಅದು ಅಲ್ಲಿ ಬಿದ್ದಿರುವಾಗ ಹವ್ಯಾಸಿಯು ಬಂದು ಎತ್ತಿಕೊಳ್ಳುವನು.

ಈ ಮುಂದಿನ ಕ್ರಿಯಾಕಲಾಪವನ್ನು ವಿವರಿಸುವುದಕ್ಕೆ ಮೀಮಾಂಸಾಶಾಸ್ತ್ರದಷ್ಟು ಅನುಕೂಲವಾದ ಪರಿಭಾಷೆಯು ಬೇರೊಂದಿಲ್ಲ. ಯಾವುದೋ ಒಂದು ಮೂಲಯಾಗಕ್ಕೆ ವಿಧಿಸಿದ ಅಂಗಗಳನ್ನು ಮತ್ತೊಂದು ಯಾಗಕ್ಕೆ ಕೊಂಡೊಯ್ಯುವಾಗ ಮೂರು ವಿಚಾರಗಳು ಬರುವುವು. ಮೂಲದ ಅಂಗಗಳನ್ನು ಹಾಗೆಯೇ ಒಯ್ಯುವುದು ಅತಿದೇಶ. ಹೊಸ ಸಂದರ್ಭಕ್ಕೆ ತಕ್ಕಂತೆ ಮಾರ್ಪಡಿಸುವುದು ಊಹ. ಅಗ್ನಿಯ ಹೆಸರಿದ್ದ ಕಡೆ ಸೂರ್ಯನ ಹೆಸರನ್ನು ಸೇರಿಸುವಂತೆ. ಪ್ರಯೋಜನವು ಇಲ್ಲವಾದ ಅಂಗವನ್ನು ಬಿಡುವುದು ಬಾಧ. ಭತ್ತಕ್ಕೆ ಬದಲಾಗಿ ಚಿನ್ನದ ಕಾಳುಗಳನ್ನು ಬೇಯಿಸುವಾಗ ಹೊಟ್ಟೇ ಇಲ್ಲದಿರುವುದರಿಂದ ಕುಟ್ಟುವುದನ್ನು ಬಿಡುವಂತೆ. ಜೈಮಿನಿಯ ಸೂತ್ರಗಳಲ್ಲಿ ಏಳರಿಂದ ಹತ್ತರವರೆಗಿನ ಅಧ್ಯಾಯಗಳು ಈ ವಿಚಾರಗಳಿಗೆ ಮೀಸಲಾಗಿವೆ. ಹವ್ಯಾಸಿಯ ಮೇಜಿನ ಮೇಲೆ ನಡೆಯುವುದೂ ಇದೇ.

ಮೊದಲು ಬಾಧ. ಹಿಡಿಕೆ, ದಂಡ, ದಾರದ ತಲೆ, ಪ್ಲಾಸ್ಟಿಕ್ಕಿನ ತೊಟ್ಟಿ, ಹಗ್ಗವೆಳೆದು ಚಾಲೂ ಮಾಡುವ ಡಬ್ಬಿ, ಇವೆಲ್ಲವೂ ಹೋಗುವುವು. ವೇಗ ಏರಿದಾಗ ತಾನಾಗಿ ಕಚ್ಚಿಕೊಳ್ಳುವ ಕ್ಲಚ್ಚೂ ಹೋಗುವುದು. ವಿಮಾನದ ರೆಕ್ಕೆಗಾಲಿಯು ಎಂಜಿನು ತಿರುಗುವಷ್ಟು ಹೊತ್ತೂ ತಿರುಗಬೇಕಾದುದರಿಂದ ನಡುವೆ ಕ್ಲಚ್ಚಿನ ಮಧ್ಯಸ್ಥಿಕೆ ಬೇಡ. ಭಾರವಾದ ಫ್ಲೈವೀಲಿನ ಮೇಲೆ ಗಾಳಿ ಬೀಸುವ ಎಸಳುಗಳಿರುವುವು. ರೆಕ್ಕೆಗಾಲಿಯೇ ಬೇಕಾದಷ್ಟು ಗಾಳಿಯನ್ನು ಹಿಂದಕ್ಕೆ ದೂಡುವುದರಿಂದ ಆ ಎಸಳುಗಳನ್ನು ಲೇತಿನಲ್ಲಿ ಕಡೆದು ತೆಗೆಯುವರು. ಆದರೆ ಇಲ್ಲಿ ಅತ್ಯಾಸೆ ಕೂಡದು. ಫ್ಲೈವೀಲಿನ ಅಂಚಿನಲ್ಲಿ ಅಯಸ್ಕಾಂತಗಳು ಅಡಗಿವೆ; ಕಿಡಿಯ ಹುಟ್ಟು ಅವುಗಳಿಂದಲೇ. ಒಂದು ಮಗ್ಗುಲಲ್ಲಿ ಹೆಚ್ಚು ಕಡೆದರೆ ತೂಕವು ತಪ್ಪಿ, ನಡುಕವು ವಿಮಾನದ ಮೈಯನ್ನೇ ಸಡಿಲಿಸುವುದು.

ಎರಡನೆಯದು ಊಹ. ಎಂಜಿನಿನ ಅಕ್ಷಕ್ಕೆ ಉಕ್ಕಿನದೋ ಅಲ್ಯುಮಿನಿಯಮ್ಮಿನದೋ ಒಂದು ಗುಂಬವನ್ನು ಕಡೆದು ಕೂಡಿಸಿ, ಅದಕ್ಕೆ ರೆಕ್ಕೆಗಾಲಿಯನ್ನು ಬೋಲ್ಟುಗಳಿಂದ ಬಿಗಿಯುವರು. ಗುಂಬವು ಕೂದಲೆಳೆಯಷ್ಟು ಓರೆಯಾದರೂ ಅದರ ಫಲವು ರೆಕ್ಕೆಗಾಲಿಯ ತುದಿಯಲ್ಲಿ ಬೆರಳಗಲವಾಗಿ ಕಾಣುವುದು. ಹುಲ್ಲುಯಂತ್ರವು ಯಾವ ದಿಕ್ಕಿಗೆ ಸುತ್ತುವುದೆಂಬುದನ್ನೂ ನೋಡಬೇಕು. ವಿಮಾನದ ಹಿಂದೆ ನಿಂತು ನೋಡುವವನಿಗೆ ಸಾಮಾನ್ಯ ರೆಕ್ಕೆಗಾಲಿಯು ಗಡಿಯಾರದ ಮುಳ್ಳಿನಂತೆ ಸುತ್ತಬೇಕು. ಇದಕ್ಕೆ ವಿರುದ್ಧವಾದ ಎಂಜಿನು ದೊರೆತರೆ ನಿರಾಶೆ ಬೇಡ. ಪಿಸ್ಟನ್ನೇ ಬಾಗಿಲುಗಳನ್ನು ತೆರೆದು ಮುಚ್ಚುವ ಎರಡು ಹೊಡೆತದ ಎಂಜಿನು ಯಾವ ದಿಕ್ಕಿಗಾದರೂ ಸುತ್ತಬಲ್ಲುದು. ಅದರ ಬಾಗಿಲುಗಳಿಗೆ ಎಡಬಲಗಳ ಪಕ್ಷಪಾತವಿಲ್ಲ. ಕಿಡಿ ಮಾತ್ರ ಪಿಸ್ಟನ್ ಮೇಲಿನ ತುದಿಯನ್ನು ಮುಟ್ಟುವುದಕ್ಕೆ ಸ್ವಲ್ಪ ಮೊದಲು ಹಾರುವಂತೆ ಫ್ಲೈವೀಲನ್ನು ಅಕ್ಷದ ಮೇಲೆ ಬೇರೊಂದು ಸ್ಥಾನದಲ್ಲಿ ಕೂರಿಸಬೇಕು. ತೋಟಗಾರನ ಬೆರಳು ಒತ್ತುತ್ತಿದ್ದ ವೇಗದ ಕೀಲಿಗೆ ಈಗ ರೇಡಿಯೋ ಆಜ್ಞೆಯನ್ನು ಪಾಲಿಸುವ ಪುಟ್ಟ ಮೋಟಾರು ಬರುವುದು. ಅದಕ್ಕೂ ಕಾರ್ಬುರೇಟರಿಗೂ ನಡುವಿನ ಕಡ್ಡಿಯು ಲೋಹದ್ದಾಗಿರಬಾರದು. ಕಿಡಿಯ ವಿದ್ಯುತ್ತು ಆ ದಾರಿಯಲ್ಲಿ ಹರಿದು ರೇಡಿಯೋವನ್ನು ಕಲಕುವುದುಂಟು. ಮದ್ಯಸಾರಕ್ಕೆ ಬಳಸುವ ಸಿಲಿಕೋನ್ ನಳಿಕೆಯನ್ನು ಪೆಟ್ರೋಲು ಉಬ್ಬಿಸಿ ಕೆಡಿಸುವುದರಿಂದ, ಪೆಟ್ರೋಲನ್ನು ತಾಳುವ ಬೇರೆ ನಳಿಕೆಯನ್ನೇ ಹಾಕಬೇಕು. ಕಿಡಿಯನ್ನು ದೂರದಿಂದಲೇ ಆರಿಸುವ ಸ್ವಿಚ್ಚು ಇರಲೇಬೇಕು.

ಕೊನೆಯದು ಅತಿದೇಶ. ಸಿಲಿಂಡರು, ಪಿಸ್ಟನ್, ಕಾರ್ಬುರೇಟರು, ಮ್ಯಾಗ್ನೆಟೋ, ಇವು ಇದ್ದಂತೆಯೇ ಬರುವುವು. ಕಾರ್ಬುರೇಟರಿನಲ್ಲಿ ತೇಲುಗುಂಡಿನ ಬದಲು ತೆಳುಪೊರೆಯಿರುವುದರಿಂದ ವಿಮಾನವು ಆಕಾಶದಲ್ಲಿ ಲಾಗ ಹಾಕಿದರೂ ಪೆಟ್ರೋಲು ತಪ್ಪದು. ಮ್ಯಾಗ್ನೆಟೋವಿನ ಸುರುಳಿಗೂ ಫ್ಲೈವೀಲಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು, ಎಂದರೆ ಸುಮಾರು ೦.೩ ಮಿಲಿಮೀಟರು, ತೆರಪಿರಬೇಕು. ಅಳೆಯುವ ಉಪಕರಣವಿಲ್ಲದವನು ಕಾರ್ಡನ್ನೇ ನಡುವೆ ಇಟ್ಟು, ತಿರುಪುಗಳನ್ನು ಬಿಗಿದು, ಆಮೇಲೆ ಕಾರ್ಡನ್ನು ಎಳೆದುಕೊಳ್ಳುವನು. ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಪ್ರಮಾಣವೂ ತೋಟದಲ್ಲಿದ್ದಂತೆಯೇ. ಮೂವತ್ತೆರಡಕ್ಕೆ ಒಂದರಿಂದ ಐವತ್ತಕ್ಕೆ ಒಂದರವರೆಗೆ, ಎಂಜಿನಿನ ಜಾತಿಯನ್ನನುಸರಿಸಿ.

ಇಷ್ಟನ್ನು ಮಾಡಿ ಮುಗಿಸಿದ ಮೇಲೆ ಕೈಗೆ ಬರುವುದು ಸುಮಾರು ಒಂದು ಕುದುರೆಯ ಶಕ್ತಿಯ ಎಂಜಿನು. ಅದು ೧೬ರಿಂದ ೧೮ ಅಂಗುಲದ ರೆಕ್ಕೆಗಾಲಿಯನ್ನು ನಿಮಿಷಕ್ಕೆ ಏಳೆಂಟು ಸಾವಿರ ಸುತ್ತು ತಿರುಗಿಸುವುದು. ೧೮ ಅಂಗುಲದ ರೆಕ್ಕೆಗಾಲಿಯು ೭,೫೦೦ ಸುತ್ತು ತಿರುಗುವಾಗ ಅದರ ತುದಿಯು ಗಂಟೆಗೆ ಸುಮಾರು ೬೪೦ ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ. ಆಟಿಕೆ ಎಂಬ ಪದವನ್ನು ಇಲ್ಲಿ ಮರೆಯುವುದೇ ಕ್ಷೇಮ. ಬೆರಳಿನಿಂದ ರೆಕ್ಕೆಗಾಲಿಯನ್ನು ತಿರುವಿ ಎಂಜಿನನ್ನು ಎಬ್ಬಿಸಲು ಹೋಗಿ ಬೆರಳನ್ನೇ ಕಳೆದುಕೊಂಡವರು ಉಂಟು. ದಪ್ಪನೆಯ ಕೈಗವಸು, ವಿಮಾನವನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿಯುವ ಸಹಾಯಕ, ರೆಕ್ಕೆಗಾಲಿಯ ನೇರಕ್ಕೆ ಯಾರೂ ನಿಲ್ಲಬಾರದೆಂಬ ಕಟ್ಟಳೆ, ಇವು ಈ ಹವ್ಯಾಸದ ಶೌಚಾಚಾರಗಳು.

ಕರ್ನಾಟಕದ ಮಲೆನಾಡಿಗೂ ಈ ಯಂತ್ರವು ಅಪರಿಚಿತವಲ್ಲ. ಅಡಿಕೆಯ ಮತ್ತು ಕಾಫಿಯ ತೋಟಗಳಲ್ಲಿ ಕೂಲಿಯಾಳುಗಳು ದುರ್ಲಭರಾದಂತೆಲ್ಲ ‘ವೀಡ್ ಕಟರ್’ ಎಂಬ ಹೆಸರಿನಿಂದ ಅದು ಮನೆಮನೆಗೆ ಬಂದಿತು. ಮಳೆಗಾಲ ಮುಗಿಯುವಾಗ ಅದರ ಕೊರೆಯುವ ಸದ್ದು ಕೇಳದ ಕಣಿವೆಯಿಲ್ಲ. ಸಾಗರದ ಸೀಮೆಯ ಒಂದು ತೋಟದ ಮನೆಯಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗನು ರಜೆಗೆ ಬಂದವನು, ಅಟ್ಟಕ್ಕೆ ಸೇರಿದ್ದ ಹಳೆಯ ವೀಡ್ ಕಟರನ್ನು ಕೆಳಗಿಳಿಸಿ ಜಗಲಿಯ ಮೇಲೆ ಹಳೆಯ ಪಂಚೆ ಹಾಸಿ ಬಿಚ್ಚತೊಡಗಿದನು. ಅಜ್ಜನು ವೈದಿಕವಿದ್ಯೆಯಲ್ಲಿ ಬೆಳೆದವನು. ಕಣ್ಣಿಗೆ ಪೊರೆ ಬಂದಿದ್ದುದರಿಂದ ಕೈಯಿಂದ ಮುಟ್ಟಿಯೇ ಒಂದೊಂದು ಭಾಗವನ್ನೂ ತಿಳಿದುಕೊಂಡನು.

“ಇದು ಹುಲ್ಲು ಕೊಯ್ಯುವುದಕ್ಕೆ ತಂದದ್ದಲ್ಲವೋ ಮಾಣಿ? ಇದನ್ನು ಹಾರಿಸುತ್ತೇನೆ ಎನ್ನುತ್ತೀಯಲ್ಲ.”

“ಅಜ್ಜಾ, ಒಳಗಿರುವ ಎಂಜಿನಿಗೆ ತಾನು ಹುಲ್ಲು ಕೊಯ್ಯುತ್ತೇನೆಂಬುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತಿರುಗುವುದೊಂದೇ.”

ಅಜ್ಜನಿಗೆ ಈ ಉತ್ತರವು ಹಿಡಿಸಿತು. ಪ್ರಕೃತಿ ವಿಕೃತಿಗಳ ವಿಚಾರವನ್ನು ಅವನು ಮೊಮ್ಮಗನಿಗೆ ಹೇಳಿದನು. ಮೊಮ್ಮಗನು ಕಾರ್ಬುರೇಟರಿನ ವಿಚಾರವನ್ನು ಅಜ್ಜನಿಗೆ ಹೇಳಿದನು. ಹೀಗೆ ಜಗಲಿಯು ಕೆಲವು ದಿನ ಪಾಠಶಾಲೆಯಾಯಿತು.

ಎಂಜಿನನ್ನು ದಪ್ಪ ಹಲಗೆಗೆ ಬಿಗಿದು, ಹಲಗೆಯನ್ನು ಕೊಟ್ಟಿಗೆಯ ಹಲಸಿನ ಕಂಬಕ್ಕೆ ಕಟ್ಟಿ ಪರೀಕ್ಷೆ ನಡೆಯಿತು. ಎರಡು ದಿನ ತಿರುವಿದರೂ ಅದು ಉಸಿರೆತ್ತಲಿಲ್ಲ. ಕಿಡಿಯಿದ್ದಿತು, ತೊಟ್ಟಿಯಲ್ಲಿ ಪೆಟ್ರೋಲಿದ್ದಿತು, ಆದರೂ ಪ್ಲಗ್ಗು ಒಣಗಿಯೇ ಇದ್ದಿತು. ಹುಡುಗನು ಪುಸ್ತಕವನ್ನು ತಿರುವಿಹಾಕಿ ಸೋತನು. ಆ ಯಂತ್ರವನ್ನು ಹೊತ್ತು ಹನ್ನೆರಡು ವರ್ಷ ಆ ತೋಟದಲ್ಲಿ ಹುಲ್ಲು ಹೊಡೆದಿದ್ದ ಆಳು ಗೊಬ್ಬರ ಹೊರಲು ಬಂದವನು ಬುಟ್ಟಿಯನ್ನು ಇಳಿಸಿ ನೋಡಿದನು. “ತಮ್ಮಾ, ಈ ರಟ್ಟು ನೀವು ಕತ್ತರಿಸಿದ್ದೋ? ಇಲ್ಲಿ ಒಂದು ಸಣ್ಣ ತೂತು ಇತ್ತು. ಅದು ಮುಚ್ಚಿಹೋಗಿದೆ” ಎಂದನು. ಆ ಸಣ್ಣ ತೂತೇ ಪ್ರಾಣನಾಡಿ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಎಂಜಿನಿನ ಹೊಟ್ಟೆಯಲ್ಲಿ ಹುಟ್ಟುವ ಒತ್ತಡದ ಮಿಡಿತವು ಅದರ ಮೂಲಕವೇ ಕಾರ್ಬುರೇಟರಿನ ಪೊರೆಯನ್ನು ತಟ್ಟಿ ಪೆಟ್ರೋಲನ್ನು ಎಳೆಯಿಸಬೇಕು. ಹುಡುಗನು ಕಾರ್ಬುರೇಟರನ್ನು ಬಿಚ್ಚಿ, ದಬ್ಬಣದಿಂದ ರಟ್ಟಿಗೆ ತೂತು ಮಾಡಿ ಮತ್ತೆ ಬಿಗಿದನು. ನಾಲ್ಕನೆಯ ತಿರುವಿಗೆ ಎಂಜಿನು ಗರ್ಜಿಸಿತು. ಆಳು ಕಿವಿಗೊಟ್ಟು ಕೇಳಿ, “ಅದೇ ದನಿ ಭಟ್ಟರೇ, ನಮ್ಮ ಮಿಷನ್ನಿನದೇ” ಎಂದು ನಕ್ಕನು. ಅವನ ತಾಯಿಯು ಅದೇ ತೋಟದಲ್ಲಿ ಕತ್ತಿ ಹಿಡಿದು ಹುಲ್ಲು ಕೊಯ್ಯುತ್ತಿದ್ದವಳು. ಈ ಯಂತ್ರವು ಬಂದ ವರ್ಷ ಅವಳ ಆ ಕೆಲಸವು ನಿಂತಿತ್ತು. ಅದನ್ನು ಯಾರೂ ಆಗ ನೆನಪಿಸಲಿಲ್ಲ. ಅವನೂ ಹೇಳಲಿಲ್ಲ.

ಕೊಯ್ಲು ಮುಗಿದ ಗದ್ದೆಯ ಬಯಲಿನಲ್ಲಿ ಆ ವರ್ಷದ ಮಾಘಮಾಸದಲ್ಲಿ ವಿಮಾನವು ಹಾರಿತು. ೨೦೨೧ರ ಡ್ರೋನ್ ನಿಯಮಗಳು ೨೫ ಕಿಲೋಗ್ರಾಮಿನವರೆಗಿನ ಮಾದರಿಗಳನ್ನು ವಿದ್ಯೆಗೂ ವಿನೋದಕ್ಕೂ, ಕಣ್ಣಿಗೆ ಕಾಣುವಷ್ಟು ದೂರದೊಳಗೆ, ಹಾರಿಸಲು ಕಟ್ಟಳೆಗಳೊಡನೆ ಎಡೆಗೊಟ್ಟಿವೆ. ಹುಡುಗನು ಅದನ್ನೆಲ್ಲ ಓದಿಕೊಂಡೇ ಬಂದಿದ್ದನು. ವಿಮಾನವು ಆರು ನಿಮಿಷ ಸುತ್ತಿ, ಇಳಿಯುವಾಗ ಬದುವಿಗೆ ಎಡವಿ ಕಾಲು ಮುರಿದುಕೊಂಡಿತು. ಅಜ್ಜನು ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತು, ಸದ್ದು ಹೋದ ಕಡೆಗೆಲ್ಲ ಮುಖವನ್ನು ತಿರುಗಿಸುತ್ತಿದ್ದನು. ಅವನಿಗೆ ವಿಮಾನವು ಕಾಣಲಿಲ್ಲ. ಆದರೆ ಆರು ನಿಮಿಷವೂ ಅದು ಎಲ್ಲಿದೆಯೆಂಬುದು ಗೊತ್ತಿದ್ದಿತು.

ಕಣ್ಣು ಮಂಜಾದ ಮುದುಕನೊಬ್ಬನು ಈ ವಿದ್ಯೆಯ ಪರಮಾವಧಿಯನ್ನು ಮುಟ್ಟಿದುದು ಲೋಕಪ್ರಸಿದ್ಧವಾದ ಸಂಗತಿ. ಅಮೆರಿಕದ ಮೇನಾರ್ಡ್ ಹಿಲ್ ಎಂಬವರು ಲೋಹಶಾಸ್ತ್ರದಲ್ಲಿ ಪರಿಣತರು. ೧೯೭೦ರಲ್ಲಿಯೇ ಮಾದರಿ ವಿಮಾನವನ್ನು ಸುಮಾರು ೨೭ ಸಾವಿರ ಅಡಿ ಎತ್ತರಕ್ಕೆ ಏರಿಸಿ ದಾಖಲೆ ಮಾಡಿದ್ದವರು. ವೃದ್ಧಾಪ್ಯದಲ್ಲಿ ಅವರ ದೃಷ್ಟಿಯು ಬಹುಮಟ್ಟಿಗೆ ನಷ್ಟವಾಯಿತು, ಕಿವಿಯೂ ಮಂದವಾಯಿತು. ಅಂಥ ಕಾಲದಲ್ಲಿ ಅವರು ಹಿಡಿದ ಹಟವೆಂದರೆ, ಐದು ಕಿಲೋಗ್ರಾಮಿಗೆ ಮೀರದ ಮಾದರಿ ವಿಮಾನವನ್ನು ಅಟ್ಲಾಂಟಿಕ್ ಮಹಾಸಾಗರದಾಚೆಗೆ ಹಾರಿಸುವುದು. ಅವರು ಆರಿಸಿದುದು ಮದ್ಯಸಾರವನ್ನು ಕುಡಿಯುವ ೧೦ ಘನ ಸೆಂಟಿಮೀಟರಿನ ಮಾದರಿ ಎಂಜಿನು. ಅದು ಹೊಟ್ಟೆಬಾಕ, ಅಷ್ಟು ಇಂಧನವನ್ನು ಹೊತ್ತು ಸಾಗರವನ್ನು ದಾಟುವುದು ಅಸಾಧ್ಯ. ಆದುದರಿಂದ ಅವರು ಅದಕ್ಕೆ ಕಿಡಿಯ ಪ್ಲಗ್ಗನ್ನು ಹಾಕಿ, ಲಾಂದ್ರದ ದೀಪಕ್ಕೆ ಉರಿಸುವ ಎಣ್ಣೆಯಿಂದ ಓಡುವಂತೆ ಮಾರ್ಪಡಿಸಿದರು. ೨೦೦೨ರ ಆಗಸ್ಟಿನ ಪ್ರಯತ್ನಗಳೆಲ್ಲವೂ ವಿಫಲವಾದವು. ೨೦೦೩ರ ಆಗಸ್ಟ್ ೯ರಂದು ನ್ಯೂಫೌಂಡ್‌ಲೆಂಡಿನ ಕೇಪ್ ಸ್ಪಿಯರಿನಿಂದ ಅವರು ಮತ್ತೊಂದನ್ನು ಬಿಟ್ಟರು. ಆಗ ಅವರಿಗೆ ೭೭ ವರ್ಷ. ೩೮ ಗಂಟೆ ೫೨ ನಿಮಿಷಗಳ ಮೇಲೆ, ಸುಮಾರು ೩,೦೩೦ ಕಿಲೋಮೀಟರು ದಾಟಿ, ಅದು ಐರ್ಲೆಂಡಿನ ಕ್ಲಿಫ್ಡನ್ ಬಳಿಯ ಕಡಲತೀರದಲ್ಲಿ ಇಳಿಯಿತು. ೧೯೧೯ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಂಬ ವೀರರು ಮೊಟ್ಟಮೊದಲು ಆ ಸಾಗರವನ್ನು ನಿಲ್ಲದೆ ಹಾರಿ ಬಂದು ಇಳಿದುದೂ ಕ್ಲಿಫ್ಡನ್ನಿನ ಹತ್ತಿರವೇ. ಅಷ್ಟು ದೂರಕ್ಕೆ ಅದು ಕುಡಿದ ಎಣ್ಣೆಯು ನಾಲ್ಕು ಲೀಟರನ್ನೂ ಮುಟ್ಟಲಿಲ್ಲ. ಹಿಲ್ಲರು ೨೦೧೧ರಲ್ಲಿ ಕಾಲವಾದರು. ಒಂದೇ ಎಂಜಿನಿನ ಆಹಾರವನ್ನು ಬದಲಿಸಿದುದರಿಂದ ಸಾಗರವೇ ಕಿರಿದಾಯಿತೆ ಎಂದು ಕೇಳಿದರೆ, ಹೌದೆಂದೇ ಹೇಳಬೇಕು.

ಆದರೆ ಇದೇ ವಿದ್ಯೆಗೆ ಮತ್ತೊಂದು ಮುಖವೂ ಉಂಟು. ರೆಜಿನಾಲ್ಡ್ ಡೆನ್ನಿ ಎಂಬ ಚಲಚ್ಚಿತ್ರನಟನು ೧೯೩೦ರ ದಶಕದಲ್ಲಿ ಹಾಲಿವುಡ್ಡಿನಲ್ಲಿ ಮಾದರಿ ವಿಮಾನಗಳ ಅಂಗಡಿಯನ್ನು ನಡೆಸುತ್ತಿದ್ದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವನ ಸಂಸ್ಥೆಯು ಗುಂಡು ಹೊಡೆಯುವ ಅಭ್ಯಾಸಕ್ಕೆಂದು ಸಾವಿರಾರು ರೇಡಿಯೋ ವಿಮಾನಗಳನ್ನು ಅಮೆರಿಕದ ಸೈನ್ಯಕ್ಕೆ ಮಾಡಿಕೊಟ್ಟಿತು. ೨೦೨೨ರಲ್ಲಿ ವ್ಯಾಪಕವಾದ ಯುಕ್ರೇನಿನ ಯುದ್ಧದಲ್ಲಿ ಕೆಳಗೆ ಬಿದ್ದ ರಷ್ಯದ ‘ಓರ್ಲಾನ್’ ಎಂಬ ಬೇಹಿನ ವಿಮಾನಗಳ ಮೂತಿಯಲ್ಲಿ ಕಂಡುಬಂದುದು, ಹವ್ಯಾಸಿಗಳಿಗಾಗಿ ಜಪಾನಿನಲ್ಲಿ ತಯಾರಾದ ಮಾದರಿ ಎಂಜಿನು. ಆಟದ ಮೈದಾನಕ್ಕೆಂದು ಹುಟ್ಟಿದುದು ರಣರಂಗಕ್ಕೆ ಹೋಯಿತು. ತಿರುಗುವುದೊಂದನ್ನೇ ಬಲ್ಲ ಎಂಜಿನಿಗೆ ಇದರ ಪಾಪವೂ ಇಲ್ಲ, ಸಾಗರ ದಾಟಿದುದರ ಪುಣ್ಯವೂ ಇಲ್ಲ. ಎರಡೂ ಯೋಜಕನದು. ಪ್ರಾಚೀನ ನೀತಿಕಾರರು ವಸ್ತುಗಳಲ್ಲಿ ಅಯೋಗ್ಯತೆಯನ್ನು ಕಾಣದೆ ಯೋಜಕನನ್ನು ಮಾತ್ರ ದುರ್ಲಭನೆಂದೆಣಿಸಿದುದರ ಭಾರವು ಇಂಥ ಕಡೆ ತಿಳಿಯುವುದು. ಅನ್ವಯಿಸಬಲ್ಲವನು ಸಿಕ್ಕಬಹುದು, ಯಾವುದಕ್ಕೆ ಅನ್ವಯಿಸಬೇಕು, ಯಾವುದಕ್ಕೆ ಕೂಡದು ಎಂಬುದನ್ನು ಬಲ್ಲವನು ಸಿಕ್ಕುವುದು ಕಷ್ಟ.

ಹುಲ್ಲುಯಂತ್ರದ ಎಂಜಿನನ್ನು ವಿಮಾನಕ್ಕೆ ಹಾಕುವ ಕಸುಬು ಈಗ ಇಳಿಮುಖವಾಗಿದೆ. ಹವ್ಯಾಸಿಗಳಿಗೆಂದೇ ತಯಾರಿಸಿದ ಪೆಟ್ರೋಲು ಎಂಜಿನುಗಳು ಹಗುರವಾಗಿಯೂ ಬಲವಾಗಿಯೂ ಅಂಗಡಿಯಲ್ಲಿ ದೊರೆಯುತ್ತವೆ. ವಿದ್ಯುತ್ ಮೋಟಾರುಗಳು ಹೊಗೆಯೂ ಸದ್ದೂ ಇಲ್ಲದೆ ಮಾದರಿಗಳನ್ನು ಏರಿಸುತ್ತವೆ. ಲೇತಿನ ಕೂಲಿ, ಮುರಿದ ಉಪಕರಣಗಳು, ಹೋದ ಭಾನುವಾರಗಳು, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೆ ಬೀದಿಯಲ್ಲಿ ಪುಕ್ಕಟೆ ಸಿಕ್ಕಿದ ಎಂಜಿನೇ ಹೆಚ್ಚು ದುಬಾರಿಯಾಗುವುದು. ಹೊಗೆಯ ಕಾರಣದಿಂದ ಸಣ್ಣ ಎಂಜಿನುಗಳಿಗೆ ಎಲ್ಲೆಡೆಯೂ ನಿರ್ಬಂಧಗಳು ಬರುತ್ತಿವೆ. ಕ್ಯಾಲಿಫೋರ್ನಿಯದಲ್ಲಿ ೨೦೨೧ರಲ್ಲಿ ಅಂಗೀಕೃತವಾದ ಶಾಸನವೊಂದರ ಮೇರೆಗೆ, ೨೦೨೪ರಿಂದೀಚೆಗೆ ತಯಾರಾಗುವ ತೋಟದ ಯಂತ್ರಗಳು ಹೊಗೆಯುಗುಳುವಂತಿಲ್ಲ. ಇದು ನ್ಯಾಯವಾದುದೇ. ಎರಡು ಹೊಡೆತದ ಎಂಜಿನು ಸುಡದ ಪೆಟ್ರೋಲನ್ನೂ ಎಣ್ಣೆಯನ್ನೂ ಉಗುಳುವುದೆಂಬುದನ್ನು, ಅದನ್ನು ಬೆನ್ನ ಹಿಂದೆ ಹೊತ್ತು ದಿನವಿಡೀ ಆ ಹೊಗೆಯನ್ನು ಕುಡಿದ ಆಳಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಎಂಜಿನು ಹೋಗುವುದಕ್ಕೆ ಶೋಕಿಸಬೇಕಾಗಿಲ್ಲ. ಶೋಕಿಸಬೇಕಾದುದು ಬೇರೊಂದಕ್ಕೆ. ಹಳೆಯ ಯಂತ್ರವನ್ನು ಒಂದು ಸ್ಕ್ರೂಡ್ರೈವರಿನಿಂದಲೂ ಎರಡು ಸ್ಪ್ಯಾನರುಗಳಿಂದಲೂ ಬಿಚ್ಚಬಹುದಾಗಿತ್ತು. ಬಿಚ್ಚಿದವನಿಗೆ ಅದು ತನ್ನ ಗುಟ್ಟನ್ನು ಹೇಳುತ್ತಿತ್ತು. ಗೊಬ್ಬರದ ಬುಟ್ಟಿ ಇಳಿಸಿದ ಆಳಿಗೂ ಹೇಳುತ್ತಿತ್ತು, ಕಾಲೇಜಿನ ಹುಡುಗನಿಗೂ ಹೇಳುತ್ತಿತ್ತು. ಹೊಸ ಯಂತ್ರಗಳಲ್ಲಿ ಹಲವು ಅರಕು ಹಾಕಿದ ಪೆಟ್ಟಿಗೆಗಳಂತೆ ಬರುತ್ತವೆ. ಕೆಟ್ಟರೆ ಎಸೆಯಬೇಕು, ತೆರೆದರೆ ಒಳಗೆ ಕಾಣುವುದು ಮಾತನಾಡದ ಕಪ್ಪು ಚೂರುಗಳು. ತೆರೆಯಲಾಗದ ವಸ್ತುವಿನಲ್ಲಿ ಅತಿದೇಶಕ್ಕೆ ಎಡೆಯೆಲ್ಲಿ? ಊಹಕ್ಕೆ ಎಡೆಯೆಲ್ಲಿ? ಒಂದನ್ನು ಮತ್ತೊಂದಾಗಿ ಕಾಣುವ ಕಣ್ಣು, ಬಿಚ್ಚಿ ನೋಡುವ ಅಭ್ಯಾಸದಿಂದ ಬೆಳೆಯುವಂಥದು.

ಆದುದರಿಂದ ಮನೆಗಳಲ್ಲಿ ಹಿರಿಯರು ಇಷ್ಟನ್ನಾದರೂ ಮಾಡಬಹುದು. ಗುಜರಿಯವನು ಬೀದಿಯಲ್ಲಿ ಕೂಗಿದಾಗ, ಕೆಟ್ಟ ಯಂತ್ರವನ್ನು ಅವನ ತಕ್ಕಡಿಗೆ ಹಾಕುವ ಮೊದಲು ಒಂದು ವಾರ ಮಕ್ಕಳ ಕೈಗೆ ಕೊಡಬಹುದು. ಕೈ ಮಸಿಯಾಗುವುದು, ಒಂದೆರಡು ತಿರುಪುಗಳು ಕಳೆದುಹೋಗುವುವು, ಬಿಚ್ಚಿದುದು ಬಹುಶಃ ಮತ್ತೆ ಕೂಡಲಾರದು. ಗುಜರಿಯವನಿಗೆ ಇದರಿಂದ ನಷ್ಟವಿಲ್ಲ. ಅವನು ಬಿಡಿಬಿಡಿಯಾದ ಕಬ್ಬಿಣಕ್ಕೂ ಅದೇ ಬೆಲೆಯನ್ನೇ ಕೊಡುವನು.